ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಡವಡವ

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಆಸ್ಪತ್ರೆಗಳ ಹೊರರೋಗಿಗಳ ಸಾಲಿನಲ್ಲಿ ದಿನವೂ ಕೇಳುವ ಮಾತುಗಳಿವು: ‘ಎದಿ ಡವಡವ ಅಂತದ್ರಿ’, ‘ಹೊಟ್ಟ್ಯಾಗ ಸಂಕಟ ಆಗ್ತದ’, ‘ಕೈಕಾಲಾಗ ಶಕ್ತಿನೇ ಇಲ್ಲ’, ‘ರಾತ್ರಿ ನಿದ್ದಿ ಹತ್ತವಲ್ದು, ಜೀವ ಹೊಯ್ದಾಡ್ತದ’. ಬಿ.ಪಿ. ನೋಡುತ್ತಾರೆ, ಇಸಿಜಿ ತೆಗೆಸುತ್ತಾರೆ, ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ರಿಪೋರ್ಟ್ ನಾರ್ಮಲ್ ಬರುತ್ತದೆ. ‘ನಿಮಗೇನೂ ಆಗಿಲ್ಲ, ಟೆನ್ಶನ್ ಮಾಡ್ಕೋಬ್ಯಾಡ್ರಿ’ ಎಂಬ ಸಮಾಧಾನದ ಜೊತೆ ಗ್ಯಾಸಿನ ಗುಳಿಗೆ ಕೈಗೆ ಬರುತ್ತದೆ. ಪಟ್ಟು ಹಿಡಿದವರಿಗೆ ಒಂದು ಬಾಟಲಿ ಸಲೈನ್ ಹಚ್ಚುತ್ತಾರೆ. ತಿಂಗಳು ಕಳೆಯುವುದರೊಳಗೆ ಅದೇ ಮನುಷ್ಯ ಅದೇ ದೂರು ಹೊತ್ತು ಇನ್ನೊಂದು ಸಾಲಿನಲ್ಲಿ ನಿಂತಿರುತ್ತಾನೆ. ವೈದ್ಯರ ಮಾತು ಸದುದ್ದೇಶದ್ದೇ. ಆದರೆ ಅದರೊಳಗೆ ಒಂದು ನಂಬಿಕೆ ಕೂತಿದೆ: ಭಾವನೆ ಹುಟ್ಟುವುದು ತಲೆಯಲ್ಲಿ, ಎದೆ ಹೊಟ್ಟೆ ಕೈಕಾಲುಗಳಲ್ಲಿ ಆಗುವುದು ಬರೀ ಅದರ ನೆರಳು, ಎದೆಯಲ್ಲಿ ರೋಗ ಸಿಗದಿದ್ದರೆ ಅಲ್ಲಿ ನಡೆಯುತ್ತಿರುವುದು ಲೆಕ್ಕಕ್ಕಿಲ್ಲ. ಈ ನಂಬಿಕೆ ಪುರಾವೆಯ ಮುಂದೆ ನಿಲ್ಲುವುದಿಲ್ಲ. ಎದೆಬಡಿತ ಭಯದ ಪರಿಣಾಮವಷ್ಟೇ ಅಲ್ಲ, ಭಯ ತಯಾರಾಗುವ ಸಾಮಗ್ರಿಯೂ ಹೌದು. ದೇಹದಿಂದ ಕ್ಷಣಕ್ಷಣವೂ ಬರುವ ಸುದ್ದಿಯನ್ನು ಮಿದುಳು ಸುತ್ತಲಿನ ಸಂದರ್ಭದೊಡನೆ ಕೂಡಿಸಿ ಓದಿಕೊಂಡಾಗ ಆಗುವ ಅನುಭವವನ್ನೇ ನಾವು ದಿಗಿಲು, ದುಃಖ, ಸಿಟ್ಟು ಎನ್ನುತ್ತೇವೆ. ಹಾಗಿದ್ದ ಮೇಲೆ ‘ಎದಿ ಡವಡವ’ ಅನ್ನುವ ರೈತ ತನ್ನ ಸಂಕಟವನ್ನು ಮುಚ್ಚಿಟ್ಟು ಬೇರೇನನ್ನೋ ಹೇಳುತ್ತಿಲ್ಲ. ಸಂಕಟದ ಒಂದು ಭಾಗವನ್ನು ಇದ್ದ ಹಾಗೇ ಹೇಳುತ್ತಿದ್ದಾನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಎಡದಂಡೆ ಕಾಲುವೆಯನ್ನೇ ನೆಚ್ಚಿಕೊಂಡ ಸಿಂಧನೂರು ಸೀಮೆಗೆ ಅದು ಭತ್ತದ ನಾಟಿಯ ಕಾಲ. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರಾದರೂ, ಆ ದಿನಗಳಲ್ಲಿ ಹೊಳೆಗೆ ಹರಿದುಹೋಗುತ್ತಿದ್ದ ನೀರಿನ ಲೆಕ್ಕ ಕೇಳುತ್ತಿದ್ದವರ ಮೈಯೊಳಗೆ ಒಂದು ಕೆಲಸ ನಡೆದೇ ಇತ್ತು. ಅದನ್ನು ಹತ್ತಿರದಿಂದ ನೋಡಬೇಕು. ಮನುಷ್ಯ ಸುಮ್ಮನೆ ಕೂತಿದ್ದಾಗ ವೇಗಸ್ ಎಂಬ ನರ ಹೃದಯದ ವೇಗವನ್ನು ಹತ್ತಿಕ್ಕಿ ಹಿಡಿದಿರುತ್ತದೆ. ಕೆಟ್ಟ ಸುದ್ದಿ ಕಿವಿಗೆ ಬಿದ್ದ ಒಂದೆರಡು ಬಡಿತಗಳೊಳಗೆ ಆ ಹಿಡಿತ ಸಡಿಲುತ್ತದೆ. ಕೆಲವು ಸೆಕೆಂಡುಗಳಲ್ಲಿ ಸಿಂಪಥೆಟಿಕ್ ನರಗಳು ಚುರುಕಾಗಿ, ಮೂತ್ರಪಿಂಡದ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಕರುಳಿನ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳ ಕಡೆಗೆ ತಿರುಗುತ್ತದೆ; ಹೊಟ್ಟೆ ಕಿವುಚಿದಂತಾಗುವುದಕ್ಕೆ ಇದೂ ಒಂದು ಕಾರಣ. ಯಕೃತ್ತು ಸಕ್ಕರೆ ಬಿಡುತ್ತದೆ. ಹತ್ತಾರು ನಿಮಿಷಗಳಲ್ಲಿ ಕಾರ್ಟಿಸಾಲ್ ಏರುತ್ತದೆ. ಇದೆಲ್ಲ ನಮ್ಮ ಅಪ್ಪಣೆ ಕೇಳದೆ ನಡೆಯುವ ಕೆಲಸ. ಅದಕ್ಕೇ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1898ರಲ್ಲಿ ಈ ವ್ಯವಸ್ಥೆಯನ್ನು ಸ್ವಾಯತ್ತ ನರಮಂಡಲ ಎಂದು ಕರೆದ.

ಇಷ್ಟರವರೆಗಿನ ಕಥೆ ಎಲ್ಲರಿಗೂ ಗೊತ್ತು: ತಲೆ ಆಜ್ಞೆ ಕೊಟ್ಟಿತು, ಮೈ ಪಾಲಿಸಿತು. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಮುಖ್ಯವಾದದ್ದು ಇಲ್ಲಿಂದ ಮುಂದಿದೆ. ವೇಗಸ್ ನರದ ಎಳೆಗಳಲ್ಲಿ ಬಹುಪಾಲು ಮಿದುಳಿನಿಂದ ಕೆಳಗೆ ಆಜ್ಞೆ ಒಯ್ಯುವವಲ್ಲ. ಹೃದಯ, ಶ್ವಾಸಕೋಶ, ಜಠರ, ಕರುಳಿನಿಂದ ಮೇಲಕ್ಕೆ ವರದಿ ಒಯ್ಯುವವು. ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆಯಲ್ಲಿ, ಕುತ್ತಿಗೆಯ ಧಮನಿಯಲ್ಲಿ ರಕ್ತದ ಒತ್ತಡ ಅಳೆಯುವ ನರತುದಿಗಳಿವೆ. ಹೃದಯ ಒಂದೊಂದು ಸಲ ರಕ್ತ ಚಿಮ್ಮಿಸಿದಾಗಲೂ ಅವು ಮಿದುಳುಬಳ್ಳಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಆ ಸುದ್ದಿ ಮಿದುಳಿನ ಎರಡೂ ಪಕ್ಕದ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗಕ್ಕೆ ತಲುಪುತ್ತದೆ. 2004ರಲ್ಲಿ ಹ್ಯೂಗೊ ಕ್ರಿಚ್ಲಿ ಮತ್ತು ಸಂಗಡಿಗರು, ನಾಡಿ ಮುಟ್ಟಿ ನೋಡದೆ ತಮ್ಮ ಎದೆಬಡಿತವನ್ನು ತಾವೇ ಗಮನಿಸುವ ಕೆಲಸವನ್ನು ಜನರಿಗೆ ಕೊಟ್ಟು ಮಿದುಳಿನ ಚಿತ್ರ ತೆಗೆದರು. ಬಲ ಇನ್ಸುಲಾದ ಮುಂಭಾಗ ಹೆಚ್ಚು ಚುರುಕಾಗಿದ್ದವರು ಬಡಿತವನ್ನು ಹೆಚ್ಚು ನಿಖರವಾಗಿ ಹಿಡಿದಿದ್ದರು. ಅಂಥವರಲ್ಲಿ ಆತಂಕದ ಅನುಭವವೂ ಹೆಚ್ಚಿತ್ತು. ಹತ್ತು ವರ್ಷಗಳ ಬಳಿಕ ಕ್ರಿಚ್ಲಿ ಅವರು ಸಾರಾ ಗಾರ್ಫಿಂಕೆಲ್ ಜೊತೆ ಮಾಡಿದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ದೊಡ್ಡದೆನಿಸುತ್ತದೆ. ಹೆದರಿದ ಮುಖದ ಚಿತ್ರವನ್ನು ಹೃದಯ ರಕ್ತ ಚಿಮ್ಮಿಸುವ ಕ್ಷಣಕ್ಕೆ ಸರಿಯಾಗಿ ತೋರಿಸಿದರೆ, ಎರಡು ಬಡಿತಗಳ ನಡುವೆ ತೋರಿಸಿದ್ದಕ್ಕಿಂತ ಆ ಮುಖದ ಹೆದರಿಕೆ ತೀವ್ರವಾಗಿ ಕಂಡಿತು. ನೋಡುವವನು ಅವನೇ, ಚಿತ್ರವೂ ಅದೇ. ಬೇರೆಯಾಗಿದ್ದದ್ದು ಬಡಿತದ ಯಾವ ಗಳಿಗೆಯಲ್ಲಿ ನೋಡಿದ ಎಂಬುದೊಂದೇ.

ಮೈ ಮೊದಲು, ಭಾವ ಆಮೇಲೆ ಎಂಬ ವಿಚಾರವನ್ನು ಆಧುನಿಕ ಮನಶ್ಶಾಸ್ತ್ರದಲ್ಲಿ ಗಟ್ಟಿಯಾಗಿ ಹೇಳಿದವನು ಅಮೆರಿಕದ ವಿಲಿಯಂ ಜೇಮ್ಸ್, 1884ರಲ್ಲಿ. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಹೆಚ್ಚುಕಡಿಮೆ ಅದನ್ನೇ ಹೇಳಿದ. ಎದೆ ಹೊಡೆದುಕೊಳ್ಳುವುದನ್ನು, ಉಸಿರು ಕಟ್ಟುವುದನ್ನು, ಕಾಲು ನಡುಗುವುದನ್ನು ಭಯದಿಂದ ತೆಗೆದುಹಾಕಿದರೆ ಉಳಿಯುವುದೇನು ಎಂಬುದು ಜೇಮ್ಸ್‌ನ ಪ್ರಶ್ನೆ. ಇದಕ್ಕೆ ಬಂದ ಅತಿ ಬಲವಾದ ಆಕ್ಷೇಪ ಹಾರ್ವರ್ಡಿನ ವಾಲ್ಟರ್ ಕ್ಯಾನನ್‌ನದು. ಆತ ದೇಹಕ್ರಿಯೆಯನ್ನು ಕಡೆಗಣಿಸಿದವನಲ್ಲ. ಹಸಿವು, ಸಿಟ್ಟು, ಭಯಗಳಲ್ಲಿ ದೇಹದೊಳಗೆ ಆಗುವ ಬದಲಾವಣೆಗಳ ಬಗ್ಗೆ 1915ರಷ್ಟು ಹಿಂದೆಯೇ ಪುಸ್ತಕ ಬರೆದವನು. 1927ರಲ್ಲಿ ಆತ ಎತ್ತಿದ ತಕರಾರುಗಳು ಇವತ್ತಿಗೂ ಹಗುರವಲ್ಲ. ಸಿಂಪಥೆಟಿಕ್ ನರಗಳನ್ನೆಲ್ಲ ತೆಗೆದುಹಾಕಿದ ಬೆಕ್ಕು ನಾಯಿಯನ್ನು ಕಂಡರೆ ಆಗಲೂ ಗುರುಗುಟ್ಟುತ್ತದೆ, ಹಲ್ಲು ಕಿರಿಯುತ್ತದೆ. ಸಿಟ್ಟಿನಲ್ಲಿ, ಭಯದಲ್ಲಿ, ಜ್ವರದಲ್ಲಿ, ಚಳಿಯಲ್ಲಿ ಒಳಾಂಗಗಳ ಬದಲಾವಣೆ ಬಹುಮಟ್ಟಿಗೆ ಒಂದೇ. ಒಂದೇ ಮೂಲದಿಂದ ಇಷ್ಟೊಂದು ಭಾವಗಳು ಹೇಗೆ ಹುಟ್ಟಿಯಾವು? ಒಳಾಂಗಗಳು ನಿಧಾನ, ಭಾವನೆ ತಕ್ಷಣದ್ದು. ಬೆನ್ನುಹುರಿ ತುಂಡಾದವರ ಅನುಭವ ಈ ಜಗಳವನ್ನು ಬಗೆಹರಿಸಬಹುದೆಂಬ ನಿರೀಕ್ಷೆಯಿತ್ತು. 1966ರಲ್ಲಿ ಜಾರ್ಜ್ ಹೋಮನ್, ಸ್ವತಃ ಬೆನ್ನುಹುರಿಯ ಗಾಯದವನು, ಅಂಥ 25 ಮಂದಿಯನ್ನು ಮಾತಾಡಿಸಿ, ಪೆಟ್ಟು ಮೇಲಕ್ಕೆ ಬಿದ್ದಷ್ಟೂ ಸಿಟ್ಟು, ಭಯ ಮೊದಲಿಗಿಂತ ಮಂದವಾಗಿವೆ ಎಂದು ವರದಿ ಮಾಡಿದ. ಆದರೆ 1988ರಲ್ಲಿ ನಡೆದ ಇನ್ನೊಂದು ಅಧ್ಯಯನಕ್ಕೆ ಅಂಥ ಕುಗ್ಗುವಿಕೆ ಕಾಣಲಿಲ್ಲ. ಇದನ್ನು ಜೇಮ್ಸ್‌ನ ಸೋಲು ಎಂದು ಬರೆದವರುಂಟು. ನನಗೆ ಹಾಗನ್ನಿಸುವುದಿಲ್ಲ. ವೇಗಸ್ ನರ ಬೆನ್ನುಹುರಿಯ ಮೂಲಕ ಹೋಗುವುದೇ ಇಲ್ಲ. ಅದು ತಲೆಬುರುಡೆಯಿಂದ ನೇರವಾಗಿ ಕುತ್ತಿಗೆಗೆ ಇಳಿದು ಎದೆ ಹೊಟ್ಟೆಗಳನ್ನು ಮುಟ್ಟುತ್ತದೆ. ಹುರಿ ತುಂಡಾದರೂ ಹೃದಯದ ವರದಿ ಮಿದುಳಿಗೆ ಬರುತ್ತಲೇ ಇರುತ್ತದೆ. ಮುಖದ ಸ್ನಾಯುಗಳ ಸುದ್ದಿಯೂ ಅಷ್ಟೇ. ಕ್ಯಾನನ್‌ನ ಬೆಕ್ಕಿನಲ್ಲಿಯೂ ಕತ್ತರಿಸಿದ್ದು ಎರಡು ದಾರಿಗಳಲ್ಲಿ ಒಂದನ್ನು ಮಾತ್ರ.

ಆದರೆ ಕ್ಯಾನನ್‌ನ ಎರಡನೆಯ ತಕರಾರನ್ನು ಒಪ್ಪಲೇಬೇಕು. ಒಂದು ಭಾವಕ್ಕೆ ಒಂದು ದೇಹಸ್ಥಿತಿ ಎಂಬ ಲೆಕ್ಕ ಸುಳ್ಳು. ಇನ್ನೂರರಷ್ಟು ಅಧ್ಯಯನಗಳನ್ನು ಒಟ್ಟಿಗೆ ತೂಗಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿಯೂ ಸಿಟ್ಟಿಗೆ, ಭಯಕ್ಕೆ, ದುಃಖಕ್ಕೆ ಪ್ರತ್ಯೇಕ ಗುರುತು ನಾಡಿಯಲ್ಲಾಗಲಿ ಬೆವರಿನಲ್ಲಾಗಲಿ ಸಿಗಲಿಲ್ಲ. ಕೈಗಡಿಯಾರ ನೋಡಿ ನಿಮ್ಮ ಮನಸ್ಸು ಹೇಳುತ್ತೇವೆನ್ನುವವರ ಮಾತನ್ನು ನಂಬಬೇಕಾಗಿಲ್ಲ. ಮೈಯಿಂದ ಬರುವ ಸುದ್ದಿಗೆ ಅರ್ಥ ಬರುವುದು ಸಂದರ್ಭದಿಂದ. ಸ್ಪೇನಿನ ವೈದ್ಯ ಗ್ರೆಗೋರಿಯೊ ಮರಾನ್ಯೋನ್ 1924ರಲ್ಲಿ 210 ಮಂದಿಗೆ ಅಡ್ರಿನಲಿನ್ ಚುಚ್ಚಿ ಕೇಳಿದಾಗ ಹೆಚ್ಚಿನವರು ಎದೆ ಬಡಿಯುತ್ತಿದೆ, ಕೈ ನಡುಗುತ್ತಿದೆ ಎಂದಷ್ಟೇ ಹೇಳಿದರು. ಉಳಿದವರಲ್ಲಿ ಬಹಳಷ್ಟು ಜನ ‘ಹೆದರಿದ ಹಾಗೆ ಆಗುತ್ತಿದೆ, ಆದರೆ ಹೆದರಿಕೆ ಇಲ್ಲ’ ಎಂದರು. ಆ ಬಳಿಕ 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಅದೇ ಅಡ್ರಿನಲಿನ್ ಕೊಟ್ಟು, ಸುತ್ತಲಿನ ವಾತಾವರಣ ಬದಲಿಸಿದರೆ ಅದು ಸಿಟ್ಟೂ ಆಗಬಹುದು ಉಲ್ಲಾಸವೂ ಆಗಬಹುದು ಎಂದು ತೋರಿಸಹೊರಟರು. ಅವರ ಪ್ರಯೋಗವನ್ನು ಮರಳಿ ಮಾಡಿದವರಿಗೆ ಅದೇ ಫಲಿತಾಂಶ ಸಿಗಲಿಲ್ಲ, ಹಾಗಾಗಿ ಅದರ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ. ಆದರೆ 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಾರ್ಲ್ ಡೈಸರಾತ್ ತಂಡ ಇಲಿಗಳ ಮೇಲೆ ಮಾಡಿದ ಕೆಲಸ ಹೆಚ್ಚು ಗಟ್ಟಿಯಾದದ್ದು. ಇಲಿಯ ಹೃದಯವನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಮೈಮೇಲೆ ತೊಡಿಸಿದ ಪುಟ್ಟ ದೀಪದಿಂದ ನಿಮಿಷಕ್ಕೆ 660 ಇದ್ದ ಬಡಿತವನ್ನು 900ಕ್ಕೆ ಏರಿಸಿದರು. ಸುರಕ್ಷಿತ ಜಾಗದಲ್ಲಿ ಇಲಿಗೆ ಏನೂ ಅನ್ನಿಸಲಿಲ್ಲ. ಅಪಾಯದ ಸುಳಿವಿದ್ದ ಜಾಗದಲ್ಲಿ ಮಾತ್ರ ಅದೇ ಬಡಿತ ಅದನ್ನು ಹಿಂಜರಿಯುವಂತೆ ಮಾಡಿತು. ಇನ್ಸುಲಾದ ಹಿಂಭಾಗವನ್ನು ಸುಮ್ಮನಾಗಿಸಿದರೆ ಆ ಹಿಂಜರಿಕೆ ಕಡಿಮೆಯಾಯಿತು. ಕಾಲುವೆಯ ಗೇಜು ನೀರಿನ ಮಟ್ಟವನ್ನು ತೋರಿಸುತ್ತದೆಯೇ ಹೊರತು ನೀರು ಯಾಕೆ ಇಳಿಯಿತೆಂದು ಹೇಳುವುದಿಲ್ಲ, ಎದೆಬಡಿತವೂ ಹಾಗೆಯೇ. ಕಾರಣವನ್ನು ಮಿದುಳು ಸುತ್ತಲಿನ ಬದುಕಿನಿಂದ ಹುಡುಕಿಕೊಳ್ಳುತ್ತದೆ, ಮತ್ತು ಹುಡುಕುವಾಗ ಕೆಲವೊಮ್ಮೆ ತಪ್ಪುತ್ತದೆ.

ಬದುಕಿನ ಸಂದರ್ಭವೇ ಅರ್ಥ ಕೊಡುವುದಾದರೆ ಈ ಮೂರು ತಾಲ್ಲೂಕುಗಳ ಸಂದರ್ಭ ಎಂಥದು? ತುಂಗಭದ್ರಾ ಎಡದಂಡೆ ಯೋಜನೆಯನ್ನು ರೂಪಿಸಿದಾಗ ಲೆಕ್ಕ ಹಾಕಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅನಧಿಕೃತ ನೀರಾವರಿ ಬೆಳೆಯಿತು, ಕೊನೆಭಾಗದ ರೈತರಿಗೆ ನೀರು ಮುಟ್ಟುವುದು ಅನುಮಾನದ ಮಾತಾಯಿತು. ಲಿಂಗಸುಗೂರು, ಮಸ್ಕಿಯ ಒಣಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮತ್ತೆಲ್ಲಿಗೋ ಗುಳೆ ಹೋಗಬೇಕು. ಹೋದಲ್ಲಿ ಕೆಲಸ ಸಿಕ್ಕೀತೇ ಎಂಬುದೂ ಅನುಮಾನವೇ. ಈ ಅನುಮಾನವೆಂಬುದು ನರಮಂಡಲಕ್ಕೆ ಏನು ಮಾಡುತ್ತದೆಂದು 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅಳೆದರು. 45 ಮಂದಿ ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳನ್ನು ಎತ್ತಿ ನೋಡುವ ಆಟ ಆಡಿದರು. ಕಲ್ಲಿನಡಿ ಹಾವಿದ್ದರೆ ಕೈಗೆ ನೋವಾಗುವಷ್ಟು ಕರೆಂಟು ಹೊಡೆಯುತ್ತಿತ್ತು. ಕಣ್ಣಪಾಪೆಯ ಹಿಗ್ಗು, ಚರ್ಮದ ಬೆವರು ಎರಡೂ ತುತ್ತತುದಿ ಮುಟ್ಟಿದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ. ಬರಬಹುದು, ಬರದಿರಬಹುದು ಎಂದು ಅರ್ಧಕ್ಕರ್ಧ ಸಾಧ್ಯತೆ ಇದ್ದಾಗ. ಆಡಿದವರ ಮಾತೂ ಮೈಯ ಅಳತೆಯೂ ಒಂದೇ ಆಗಿದ್ದವು. ನೀರು ಬರುವುದಿಲ್ಲವೆಂದು ಮೊದಲೇ ಗೊತ್ತಾದರೆ ಜೋಳ, ಕಡಲೆ ಬಿತ್ತಿ ಬದುಕುವ ರೈತ, ಬಂದೀತೋ ಬಾರದೋ ಎಂಬ ನಡುವಿನಲ್ಲಿ ಸಸಿ ಹಚ್ಚಿ, ಸಾಲ ತಂದು, ಉಪಕಾಲುವೆಯ ತೂಬಿನ ಬಳಿ ರಾತ್ರಿ ಕಾಯುವ ಸ್ಥಿತಿ ಇದು. ಪ್ರಯೋಗಶಾಲೆಯ ಆಟ ಗಂಟೆಯೊಳಗೆ ಮುಗಿಯುತ್ತದೆ. ಕೊನೆಭಾಗದ ಹೊಲದಲ್ಲಿ ಅದು ಬೆಳೆ ಕೈಗೆ ಬರುವತನಕ, ವರ್ಷ ವರ್ಷವೂ. ಹೃದಯ, ರಕ್ತನಾಳ, ನಿದ್ದೆ ಈ ಹೊಂದಾಣಿಕೆಗೆ ತೆರುವ ಬೆಲೆಯನ್ನು ಬ್ರೂಸ್ ಮೆಕ್‌ಯೂವನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ ದೇಹದ ಮೇಲೆ ಕೂಡುತ್ತ ಹೋಗುವ ಹೊರೆಯೆಂದು ವಿವರಿಸಿದರು. ಕಾಲುವೆ ಸಲಹಾ ಸಮಿತಿ ಇಂಥ ದಿನ ಇಷ್ಟು ನೀರು ಎಂದು ಮೊದಲೇ ಹೇಳಿ ಹೇಳಿದ ಹಾಗೆ ನಡೆದುಕೊಂಡರೆ, ಅದು ನೀರಾವರಿಯ ಶಿಸ್ತು ಮಾತ್ರವಲ್ಲ, ಸಾವಿರಾರು ಜನರ ಎದೆಬಡಿತಕ್ಕೆ ಮಾಡಿದ ಉಪಚಾರವೂ ಆದೀತು.

ಇದೇ ವಾದ ಇನ್ನೊಂದು ಕಡೆಯಿಂದಲೂ ಸಾಬೀತಾಗುತ್ತದೆ, ಅದು ಇನ್ನೂ ಹತ್ತಿರದ್ದು. ಭತ್ತ, ಹತ್ತಿ, ಮೆಣಸಿನಕಾಯಿಗೆ ‘ಎಣ್ಣಿ ಹೊಡಿಯೋದು’ ಈ ಭಾಗದ ದಿನದ ಕೆಲಸ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಿಗೆ ಬರೀ ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ ಸಾಲಿನ ನಡುವೆ ನಡೆಯುವವರ ಅಂಗಿಯ ಬೆನ್ನು ತೊಟ್ಟಿಕ್ಕುವ ಔಷಧಿಯಿಂದ ತೊಯ್ದಿರುತ್ತದೆ. ಬೆವರಿದ ಚರ್ಮ ಅದನ್ನು ಒಳಗೆಳೆದುಕೊಳ್ಳುತ್ತದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಅಸಿಫೇಟ್ ಮುಂತಾದವು ಆರ್ಗನೊಫಾಸ್ಫೇಟ್ ಗುಂಪಿನವು. ಇವು ಕೆಲಸ ಮಾಡುವ ಜಾಗ ಯಾವುದೆಂದು ತಿಳಿಯಲು ನೂರು ವರ್ಷ ಹಿಂದೆ ಹೋಗಬೇಕು. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓಟ್ಟೊ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯ ಅದ್ದಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ನರವೇ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು. ನರ ಮಾತಾಡುವುದು ರಾಸಾಯನಿಕದ ಮೂಲಕ ಎಂದು ಹೀಗೆ ಗೊತ್ತಾಯಿತು. 1936ರಲ್ಲಿ ಅವನಿಗೂ ಹೆನ್ರಿ ಡೇಲ್‌ಗೂ ನೊಬೆಲ್ ಬಂತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕಲು ದೇಹದಲ್ಲಿ ಒಂದು ಕಿಣ್ವವಿದೆ. ಆರ್ಗನೊಫಾಸ್ಫೇಟ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ವಿಷ ಹೆಚ್ಚಾಗಿ ಏರಿದಾಗ ಪಾಪೆ ಸೂಜಿಮೊನೆಯಷ್ಟು ಕುಗ್ಗುತ್ತದೆ, ಬೆವರು, ಜೊಲ್ಲು, ವಾಂತಿ, ಭೇದಿ, ಉಸಿರುಗಟ್ಟುವಿಕೆ. ಇದು ಪ್ರಾಣಾಪಾಯ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಕಡಿಮೆ ಪ್ರಮಾಣದಲ್ಲಿ ಏರಿದಾಗ ಪಠ್ಯಪುಸ್ತಕಗಳು ಪಟ್ಟಿ ಮಾಡುವ ಲಕ್ಷಣಗಳೇ ಬೇರೆ: ತಳಮಳ, ಕಿರಿಕಿರಿ, ನಿದ್ದೆ ಕೆಡುವುದು, ಕೆಟ್ಟ ಕನಸು, ಮಂಕು. ಹೃದಯಕ್ಕೆ ಆಜ್ಞೆ ಒಯ್ಯುವ ರಾಸಾಯನಿಕವೇ ಮಿದುಳಿನಲ್ಲಿ ನೆನಪು, ಎಚ್ಚರ, ಮನಸ್ಸಿನ ಸ್ಥಿತಿಗಳಲ್ಲೂ ಕೆಲಸ ಮಾಡುತ್ತದೆ. ವಿಷ ಇಳಿಸಲು ಕೊಡುವ ಅಟ್ರೋಪಿನ್ ದತ್ತೂರಿ ಗಿಡದಲ್ಲೂ ಇರುವ ವಸ್ತು; ಅದರ ಪ್ರಮಾಣ ಮೀರಿದರೆ ರೋಗಿ ಇಲ್ಲದ್ದನ್ನು ಕಂಡು ಬಡಬಡಿಸುತ್ತಾನೆ. ಅಮೆರಿಕದ ಅಯೋವ, ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ಔಷಧಿ ಸಿಂಪಡಿಸುವವರನ್ನು ದೊಡ್ಡ ಸಂಖ್ಯೆಯಲ್ಲಿ ಅಧ್ಯಯನ ಮಾಡಿದಾಗ, ಹಿಂದೊಮ್ಮೆ ಕೀಟನಾಶಕದ ವಿಷಬಾಧೆ ಆಗಿದ್ದವರಲ್ಲಿ ಖಿನ್ನತೆ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಅದರಿಂದಲೇ ಇದಾಯಿತೆಂದು ಆ ಅಧ್ಯಯನದಿಂದ ಹೇಳಲಾಗುವುದಿಲ್ಲ. ಆದರೆ ‘ಈ ವಾರ ಎಣ್ಣಿ ಹೊಡ್ದೀರೇನು?’ ಎಂಬ ಒಂದು ಪ್ರಶ್ನೆ ಕೇಳದೆ ತಳಮಳವನ್ನು ಟೆನ್ಶನ್ ಎಂದು ಬರೆದುಬಿಡುವುದು ತಪ್ಪು. ರಕ್ತದಲ್ಲಿ ಆ ಕಿಣ್ವದ ಮಟ್ಟ ನೋಡುವ ಪರೀಕ್ಷೆಯೂ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ತೆಳುವಾದಾಗ ಅಷ್ಟೇ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ನಾಟಿ ಗದ್ದೆಯಲ್ಲಿ ಬಗ್ಗಿ ಎದ್ದರೆ ಎದೆ ಹಾರುತ್ತದೆ, ಏದುಸಿರು ಬರುತ್ತದೆ. ಮಿದುಳಿಗೆ ಹೋಗುವ ವರದಿ ಅಪಾಯದ ಹೊತ್ತಿನ ವರದಿಯ ಹಾಗೆಯೇ ಇರುತ್ತದೆ. ಅದಕ್ಕೆ ಅರ್ಥ ಹುಡುಕುವ ಮಿದುಳಿಗೆ ಗುಳೆ ಹೋದ ಗಂಡ, ಸಂಘದ ಕಂತು, ಮಗಳ ಮದುವೆ ಕಣ್ಣೆದುರೇ ಇವೆ. ಕಬ್ಬಿಣಾಂಶದ ಗುಳಿಗೆಯಿಂದ ಸಾಲ ತೀರುವುದಿಲ್ಲ, ನಿಜ. ಆದರೆ ಚಿಂತೆಗೆ ದಿನವೂ ತುಪ್ಪ ಸುರಿಯುವ ಎದೆಬಡಿತ ತಗ್ಗುತ್ತದೆ. ಥೈರಾಯ್ಡ್ ಹೆಚ್ಚಾದವರ ಕಥೆಯೂ ಇದೇ. ಮೈಯ ಕಾರಣ ಬೇರೆ, ಮನಸ್ಸಿನ ಕಾರಣ ಬೇರೆ ಎಂದು ವಿಂಗಡಿಸುವ ಆತುರಕ್ಕೆ ಇಲ್ಲಿ ಜಾಗವೇ ಇಲ್ಲ.

ಇದಕ್ಕೆ ಓದಿದವರಿಂದ ಬರುವ ಒಂದು ಆಕ್ಷೇಪವಿದೆ. ಹಳ್ಳಿಯ ಜನಕ್ಕೆ ಮನಸ್ಸಿನ ಭಾಷೆ ಗೊತ್ತಿಲ್ಲ, ಅದಕ್ಕೇ ಮೈ ಮೇಲೆ ಹಾಕುತ್ತಾರೆ. ಅಥವಾ ‘ಹುಚ್ಚು’ ಎಂದಾರೆಂಬ ಅಂಜಿಕೆಗೆ ಮರೆಮಾಚುತ್ತಾರೆ ಎನ್ನುವುದು ಅದರ ಸಾರ. ಅಂಜಿಕೆಯ ಪಾತ್ರ ಇಲ್ಲವೆನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಮ್, ವೈಸ್, ಚನ್ನಬಸವಣ್ಣ ಮೊದಲಾದವರು 80 ರೋಗಿಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ಹೇಳುತ್ತದೆ: ಖಿನ್ನತೆಯ ಲಕ್ಷಣ ಹೆಚ್ಚಿದ್ದಷ್ಟೂ ಕಳಂಕದ ಭಾವ ಹೆಚ್ಚು, ಮೈ ದೂರು ಹೆಚ್ಚಿದ್ದಷ್ಟೂ ಅದು ಕಡಿಮೆ. ಎದೆನೋವು ಯಾರಿಗಾದರೂ ಬರಬಹುದಾದದ್ದು, ಅದಕ್ಕೆ ಜನ ನಾಚುವುದಿಲ್ಲ. ಆದರೆ ಇದರಿಂದ ಮೈ ದೂರು ಸುಳ್ಳು ಎಂದಾಗುವುದಿಲ್ಲ. ಇರುವ ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕೆಂಬ ಆಯ್ಕೆ ಅದು. ಹಳ್ಳಿಯವರ ಸ್ವಭಾವ ಎಂಬ ಮಾತಂತೂ ನಿಲ್ಲುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಬೆಂಗಳೂರೂ ಇತ್ತು, ಸಿಯಾಟಲ್, ಪ್ಯಾರಿಸ್, ಬರ್ಲಿನ್‌ಗಳೂ ಇದ್ದವು. ಖಿನ್ನತೆ ಇದ್ದ 1,146 ಮಂದಿಯಲ್ಲಿ ನೂರಕ್ಕೆ 69 ಜನ ವೈದ್ಯರ ಬಳಿ ಹೇಳಿಕೊಂಡಿದ್ದು ಮೈಯ ದೂರನ್ನು ಮಾತ್ರ. ಆದರೆ ಬಿಡಿಸಿ ಕೇಳಿದಾಗ ಮನಸ್ಸಿನ ಬೇಸರವನ್ನು ಇಲ್ಲವೆಂದವರು ನೂರಕ್ಕೆ 11 ಮಾತ್ರ. ಪಶ್ಚಿಮ, ಪೂರ್ವ ಎಂಬ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 1999ರಲ್ಲಿ ಬಂದ ಆ ವರದಿ ಬೇರೆ ಊರಿನ ಜನರ ಬಗ್ಗೆ ಎಷ್ಟು ಹೇಳುತ್ತದೋ ಕೇಳುವವರ ಬಗ್ಗೆಯೂ ಅಷ್ಟೇ ಹೇಳುತ್ತದೆ: ಕೇಳಿದರೆ ಜನ ಹೇಳುತ್ತಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು, ಹೋರಾಟದ ನೆಲೆಯಿಂದ ಬರುವಂಥದು. ನೀರಿಲ್ಲದ, ಬೆಲೆಯಿಲ್ಲದ, ಸಾಲದ ಸಂಕಟವನ್ನು ನರದ ಚಟುವಟಿಕೆಯೆಂದು ವಿವರಿಸಿದರೆ, ನಾಳೆ ‘ಪ್ರಾಣಾಯಾಮ ಮಾಡ್ರಿ, ಎಲ್ಲ ಸರಿಹೋಗ್ತದ’ ಎಂದು ಕೈತೊಳೆದುಕೊಳ್ಳಲು ಆಳುವವರಿಗೆ ದಾರಿಯಾಗುತ್ತದೆ. ಈ ಭಯ ಸುಳ್ಳಲ್ಲ. ನಿಧಾನ ಉಸಿರಾಟದ ಪರಿಣಾಮ ಮಾತ್ರ ನಿಜ: 2001ರಲ್ಲಿ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ಜಪಮಾಲೆಯ ಪ್ರಾರ್ಥನೆಯಾಗಲಿ ಮಂತ್ರಜಪವಾಗಲಿ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುತ್ತದೆಂದೂ, ಆಗ ರಕ್ತದೊತ್ತಡವನ್ನು ಹದದಲ್ಲಿಡುವ ನರಪ್ರತಿಕ್ರಿಯೆ ಚುರುಕಾಗುತ್ತದೆಂದೂ ತೋರಿಸಿದರು. ಭಜನೆ, ತತ್ವಪದದಲ್ಲಿ ದೀರ್ಘ ಉಸಿರು ಬಿಡುತ್ತ ಹಾಡುವವರಿಗೆ ಹಗುರವೆನ್ನಿಸುವುದರ ಹಿಂದೆ ಇಂಥದ್ದೊಂದು ಕಾರಣ ಇದ್ದೀತು. ಆದರೆ ಈ ಲೇಖನದ ವಾದವೇ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ. ಭಾವನೆ ಎಂದರೆ ಮೈಯ ಸುದ್ದಿ ಮತ್ತು ಸಂದರ್ಭ ಎರಡೂ ಕೂಡಿದ್ದು. ಉಸಿರು ಮೊದಲನೆಯದನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ, ಎರಡನೆಯದನ್ನು ಮುಟ್ಟುವುದಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರಲ್ಲ, ಅವರು ಸಂದರ್ಭವನ್ನು ಬದಲಿಸಲು ಹೊರಟವರು. ಎದೆಬಡಿತವನ್ನು ನಿಜವೆಂದು ಒಪ್ಪುವುದರಿಂದ ಅಂಥ ಬೇಡಿಕೆಗೆ ಬಲವೇ ಬರುತ್ತದೆ. ನೀರಿನ ಅನಿಶ್ಚಿತತೆ ಮೈಯಲ್ಲಿ ಅಳೆಯಬಹುದಾದ ಹಾನಿ ಮಾಡುತ್ತದೆಂದಾದ ಮೇಲೆ ಅದನ್ನು ಬರೀ ‘ಚಿಂತೆ’ ಎಂದು ತಳ್ಳಿಹಾಕಲು ಬರುವುದಿಲ್ಲ.

ಮೈ ಮತ್ತು ಸಂದರ್ಭದ ಈ ಕೂಡುವಿಕೆ ಒಬ್ಬೊಬ್ಬರ ಚರ್ಮದೊಳಗೇ ಮುಗಿಯುವುದಿಲ್ಲ ಎಂಬುದಕ್ಕೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮೊಹರಂಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಿಂದೂ ಮುಸ್ಲಿಮರೆನ್ನದೆ ಜನ ಆಲಂಗಳ ಎದುರು ನಿಲ್ಲುತ್ತಾರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದಗಳಲ್ಲಿ ಕರ್ಬಲಾದ ದುಃಖವನ್ನು ಹಾಡುತ್ತಾರೆ. ಹಲಗೆಯ ಪೆಟ್ಟು, ಬೆಂಕಿಯ ಝಳ, ಒಂದೇ ಲಯದ ಹೆಜ್ಜೆ ಎಲ್ಲರ ಮೈಗೂ ಒಂದೇ ಸುದ್ದಿ ಕೊಡುತ್ತವೆ. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿ ಕೆಂಡ ಹಾಯುವ ಆಚರಣೆಯ ವೇಳೆ ಜನರ ಎದೆಬಡಿತ ಅಳೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕೆಂಡ ಹಾಯುವವನ ಹೃದಯದ ಏರಿಳಿತದ ಜೊತೆ, ಸುಮ್ಮನೆ ಕೂತು ನೋಡುತ್ತಿದ್ದ ಅವನ ಬಂಧುಬಳಗದ ಹೃದಯವೂ ಏರಿಳಿದಿತ್ತು. ಅಲ್ಲೇ ಕೂತಿದ್ದ ಹೊರಗಿನವರ ಹೃದಯದಲ್ಲಿ ಅದು ಕಾಣಲಿಲ್ಲ. ಬೆಂಕಿ ಎಲ್ಲರಿಗೂ ಕಂಡಿತ್ತು, ಸದ್ದು ಎಲ್ಲರಿಗೂ ಕೇಳಿತ್ತು. ಸಂಬಂಧ ಇದ್ದವರ ಮೈ ಮಾತ್ರ ಓಗೊಟ್ಟಿತು. ಮುದಗಲ್ಲಿನಲ್ಲಿ ಹೀಗೇ ಆಗುತ್ತದೆಂದು ಅಳೆಯದೆ ಹೇಳಲಾಗದು. ಆದರೆ ವರ್ಷಕ್ಕೊಮ್ಮೆ ಒಟ್ಟಿಗೆ ಅಳಲು, ಬೆವರಲು, ದಣಿಯಲು ಒಂದು ಊರು ಜಾಗ ಮಾಡಿಕೊಂಡಿದೆಯೆಂದರೆ, ಸಂಕಟ ಮೈಯಲ್ಲಿ ಇರುತ್ತದೆ, ಮೈಯ ಮೂಲಕವೇ ಹಂಚಿಕೆಯಾಗುತ್ತದೆ ಎಂಬ ತಿಳಿವಳಿಕೆ ಅಲ್ಲಿ ಮೊದಲಿನಿಂದಲೂ ಇದೆ.

ಆಸ್ಪತ್ರೆಯ ಕೋಣೆಯಲ್ಲಿ ಇದರಿಂದ ಏನು ಬದಲಾಗಬೇಕು? ಮೊದಲನೆಯದಾಗಿ, ಎದೆ ದೂರನ್ನು ಭಾವನೆಯೆಂದು ಅವಸರದಲ್ಲಿ ತೀರ್ಮಾನಿಸುವಂತಿಲ್ಲ. ಹೃದಯಾಘಾತವೂ ಬೆವರು, ದಿಗಿಲಿನ ರೂಪದಲ್ಲಿ ಬರಬಹುದು, ಆದ್ದರಿಂದ ಇಸಿಜಿ ಬೇಕೇ ಬೇಕು. ಬದಲಾಗಬೇಕಾದದ್ದು ರಿಪೋರ್ಟ್ ನಾರ್ಮಲ್ ಬಂದ ಮೇಲಿನ ಐದು ನಿಮಿಷ. ನಿದ್ದೆ, ಔಷಧಿ ಸಿಂಪಡಣೆ, ರಕ್ತಹೀನತೆ, ಸಾಲ, ಮನೆಯ ಸಾವು ನೋವು, ಕುಡಿತ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಕೇಳಬೇಕು, ಬೇರೆ ಬೇರೆ ವಿಷಯಗಳೆಂಬಂತೆ ಅಲ್ಲ. ಇದು ಆಗದ ಕೆಲಸವೇನಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ಈಗ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ, 2022ರಿಂದ ಟೆಲಿ ಮಾನಸ್‌ನ 14416 ನಂಬರು ಇದೆ. ಆದರೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆತಂಕ, ಖಿನ್ನತೆಯಂಥ ಸಾಮಾನ್ಯ ಕಾಯಿಲೆಗಳಿದ್ದ ನೂರರಲ್ಲಿ 85 ಮಂದಿ ಚಿಕಿತ್ಸೆಯ ಹೊರಗೇ ಇದ್ದರು. ಅವರಲ್ಲಿ ಬಹಳಷ್ಟು ಜನ ಆಸ್ಪತ್ರೆಗೆ ಬಂದೇ ಇರುತ್ತಾರೆ, ಎದೆಗೆ, ಹೊಟ್ಟೆಗೆ, ಕೈಕಾಲಿಗೆ. 1999ರ ಆ ಬಹುದೇಶೀಯ ವರದಿಯಲ್ಲಿ ಇನ್ನೊಂದು ಅಂಶವಿತ್ತು: ರೋಗಿಗೆ ಕಾಯಂ ಒಬ್ಬ ವೈದ್ಯರ ಪರಿಚಯ ಇಲ್ಲದ ಕಡೆಗಳಲ್ಲೇ ಬರೀ ಮೈ ದೂರು ಹೇಳುವವರು ಹೆಚ್ಚು. ಬಂದ ವೈದ್ಯರು ವರ್ಗವಾಗಿ ಹೋಗುತ್ತಲೇ ಇರುವ ಊರುಗಳಿಗೆ ಇದಕ್ಕಿಂತ ನೇರವಾದ ಸಂದೇಶ ಬೇಕಿಲ್ಲ. ವೈದ್ಯರು ನಿಲ್ಲುವ ಹಾಗೆ ಮಾಡುವುದು ಸರ್ಕಾರದ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ. ಮಂಗಳವಾರ ಮನೋವೈದ್ಯರು ಕೂರುವ ಕೋಣೆಗೂ ದಿನವೂ ನಡೆಯುವ ಹೊರರೋಗಿ ವಿಭಾಗಕ್ಕೂ ಒಂದೇ ಚೀಟಿ, ಒಂದೇ ಕಡತ ಇಡುವುದಕ್ಕೆ ಮಾತ್ರ ಯಾರ ಮಂಜೂರಾತಿಗೂ ಕಾಯಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯೇ ಅದನ್ನು ಬರುವ ಮಂಗಳವಾರದಿಂದ ಮಾಡಬಹುದು.